ಮುಳ್ಳಯ್ಯನಗಿರಿಯ ಮಂಜಿನಲ್ಲಿ

ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿರುವ ಮುಳ್ಳಯ್ಯನಗಿರಿಯು 1930 ಮೀಟರ್ ಎತ್ತರವಿದ್ದು, ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದೆ. ತಪಸ್ವಿ ಮುಳ್ಳಪ್ಪಸ್ವಾಮಿಗಳ ಗದ್ದುಗೆ ಅದರ ನೆತ್ತಿಯ ಮೇಲಿದೆ. ಶಿಖರದ ಸಮೀಪದವರೆಗೆ ವಾಹನದ ರಸ್ತೆಯೂ, ಅಲ್ಲಿಂದ ಮೇಲಕ್ಕೆ ಮೆಟ್ಟಿಲುಗಳೂ ಉಂಟು. ಆದರೆ 66 ವರ್ಷದ ನಮ್ಮ ಅತ್ತೆಯವರದು ಒಂದೇ ಹಟ: "ಸ್ವಾಮಿಗಳು ನಡೆದು ಹತ್ತಿದ ಬೆಟ್ಟವನ್ನು ನಾನೂ ನಡೆದೇ ಹತ್ತಬೇಕು." ಅವರ ಮಾತಿಗೆ ಎದುರಾಡಲಾರದೆ 2023ರ ಕಾರ್ತಿಕ ಮಾಸದಲ್ಲಿ ಮನೆಮಂದಿ ಐವರು ಹೊರಟೆವು.

ಪರಿಚಿತರೊಬ್ಬರ ಕಾಫಿ ತೋಟದ ಹಳೆಯ ಹಂಚಿನ ಮನೆಯಲ್ಲಿ ನಮ್ಮ ಬಿಡಾರ. ಕರೆಂಟಿಲ್ಲ, ಸೌದೆ ಒಲೆ, ನೀರು ಕಾಯಿಸಲು ತಾಮ್ರದ ಹಂಡೆ, ಮಲಗಲು ಚಾಪೆ. ಸುತ್ತಲೂ ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪಾಗುತ್ತಿದ್ದವು. ರಾತ್ರಿ ಒಲೆಯ ಮುಂದೆ ಕುಳಿತಿದ್ದಾಗ ತೋಟದ ಮೇಸ್ತ್ರಿ ಹೇಳಿದ ಮಾತು ಇದು: "ಬೆಟ್ಟದಾಗೆ ಮಂಜು ಬಂದ್ರೆ ನಿಂತಲ್ಲೇ ಕೂತ್ಕಳಿ ಅಮ್ಮಾ. ದಾರಿ ಹುಡುಕಕ್ಕೆ ಹೋಗ್ಬೇಡಿ." ಮಕ್ಕಳು ನಕ್ಕರು. ನಾವೂ ಅದನ್ನು ಅಷ್ಟಾಗಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಬೆಳಗಿನ ಪೂಜೆ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಸರ್ಪದಾರಿ ಹಿಡಿದೆವು. ಹಾವಿನಂತೆ ಬಳುಕುತ್ತ ಏರುವ ಈ ಕಾಲುದಾರಿ 3-4 ಕಿ.ಮೀ. ಮಾತ್ರ, ಆದರೆ ಏರು ಬಲು ಕಡಿದು. ಬೀಸುಗಾಳಿಗೂ ತೆಳುವಾದ ಮಣ್ಣಿಗೂ ಇಲ್ಲಿನ ಏಣುಗಳಲ್ಲಿ ಮರ ನಿಲ್ಲದು, ಹುಲ್ಲೇ ಹುಲ್ಲು. ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ತೊರೆಗಳಿಗೆ ಮೆಲ್ಲನೆ ಬಿಟ್ಟುಕೊಡುವ ಕಾಡದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಈ ಗಿರಿಗಳಲ್ಲಿ ಹೂಬಿಟ್ಟಿತ್ತು.

ಅತ್ತೆಯವರು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹದಿನಾಲ್ಕರ ಹರೆಯದ ಮಗನಿಗೆ ಆ ನಿಧಾನ ಸಹಿಸಲಿಲ್ಲ. "ಮುಂದೆ ಹೋಗಿ ಕಾಯ್ತೀನಿ" ಎಂದು ಓಡಿದ. ನಾವು ತಡೆಯಲಿಲ್ಲ.

ಬಿಸಿಲೇರಿದಂತೆ ಕಣಿವೆಯ ತೇವದ ಗಾಳಿ ಮೇಲೆದ್ದು, ತಂಪುಗೊಂಡು ಮಂಜಾಯಿತು. ಕ್ಷಣಾರ್ಧದಲ್ಲಿ ದಾರಿಯೂ ಇಲ್ಲ, ಪ್ರಪಾತವೂ ಇಲ್ಲ, ಎಲ್ಲವೂ ಬಿಳುಪು. ಮಗನನ್ನು ಕೂಗಿದೆವು, ಉತ್ತರವಿಲ್ಲ. ಯಜಮಾನರು ಹುಡುಕಲು ಹೊರಟೇಬಿಟ್ಟಾಗ ಅತ್ತೆಯವರು ಅವರ ಕೈ ಹಿಡಿದು ಕೂರಿಸಿದರು. "ಒಬ್ಬನನ್ನು ಹುಡುಕಲು ಹೋಗಿ ಇಬ್ಬರನ್ನು ಕಳೆದುಕೊಳ್ಳುವುದು ಬೇಡಪ್ಪ. ಮೇಸ್ತ್ರಿಯ ಮಾತು ಅವನೂ ಕೇಳಿದ್ದಾನೆ." ಆ ಮುಕ್ಕಾಲು ಗಂಟೆ ನಮಗೆ ಯುಗವಾಯಿತು. ಮಗಳು ಅಜ್ಜಿಯ ಸೆರಗು ಬಿಡಲಿಲ್ಲ. ಅತ್ತೆಯವರ ತುಟಿ ಮಾತ್ರ ಶಿವನಾಮದಲ್ಲಿ ಅಲುಗುತ್ತಿತ್ತು.

ಮಂಜು ಹರಿದಾಗ ಎರಡು ತಿರುವುಗಳ ಮೇಲೆ, ಬಂಡೆಗೆ ಒರಗಿ, ಮೊಣಕಾಲು ತಬ್ಬಿ ಕುಳಿತಿದ್ದ ಮಗ ಕಂಡ. ಅವನಿಂದ ಹತ್ತು ಮಾರು ಆಚೆಗೆ ನೆಲವೇ ಇರಲಿಲ್ಲ. "ನೀವು ಕೂಗಿದ್ದು ಕೇಳಿಸಲಿಲ್ಲ. ಕೂತ್ಕೊಂಡೆ" ಎಂದಷ್ಟೇ ಹೇಳಿದ. ಯಾರೂ ಗದರಲಿಲ್ಲ. ತಪ್ಪು ಅವನದಷ್ಟೇ ಆಗಿರಲಿಲ್ಲ; ಬಿಟ್ಟು ಹೋಗಲು ಬಿಟ್ಟವರು ನಾವು.

ಅಲ್ಲಿಂದ ಮುಂದೆ ಅಜ್ಜಿಯೇ ಎಲ್ಲರ ಮುಂದೆ ನಡೆದರು. ಮೊಮ್ಮಗ ಅವರ ಬೆನ್ನ ಹಿಂದೆ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ. ಗದ್ದುಗೆಯ ಮುಂದೆ ಹಣೆಯಿಟ್ಟು ಎದ್ದಾಗ ಅತ್ತೆಯವರ ಕಣ್ಣು ತುಂಬಿತ್ತು. ಶಿಖರದ ಗಾಳಿಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಮೊದಲ ರೊಟ್ಟಿಯನ್ನು ಮೊಮ್ಮಗ ಅಜ್ಜಿಯ ಕೈಗಿತ್ತ.

ಹೋಗಬಯಸುವ ಓದುಗರು ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಲಿ. ಬೆಳಕು ಹರಿಯುತ್ತಲೇ ಹೊರಡಲಿ, ನೀರು ಸಾಕಷ್ಟಿರಲಿ, ಪ್ಲಾಸ್ಟಿಕ್ ಅಲ್ಲಿ ಉಳಿಯದಿರಲಿ. ಮಂಡಿನೋವಿನ ಹಿರಿಯರಿಗೆ ರಸ್ತೆಯೇ ಲೇಸು. ಎಲ್ಲಕ್ಕೂ ಮಿಗಿಲಾಗಿ, ಬಳಗದಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದಿಟ್ಟುಕೊಂಡು ನಡೆಯಿರಿ. ಬೆಟ್ಟದಲ್ಲಿ ನಾವು ಕಲಿತ ಈ ಪಾಠ ಮನೆಗೂ ಸಲ್ಲುವುದೆಂದು ನಮ್ಮ ನಂಬಿಕೆ.