ಮಲಪ್ರಭೆಯ ತೀರದಲ್ಲಿ ಮಕ್ಕಳೂ ಕ್ಯಾಮೆರಾವೂ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಿರುಗಾಟ ಮತ್ತು ಓದು ಇವೆರಡೂ ಮನುಷ್ಯನ ಅರಿವನ್ನು ಬೆಳೆಸುವ ಸಾಧನಗಳೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇಂದಿನ ದಿನಮಾನಗಳಲ್ಲಿ ಇವುಗಳ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ; ಅದೇ ಛಾಯಾಗ್ರಹಣ. ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಜಾತ್ರೆಗೆ ಹೋದರೂ ಚಿತ್ರ, ತವರಿಗೆ ಹೋದರೂ ಚಿತ್ರ, ಊಟಕ್ಕೆ ಕುಳಿತರೂ ಚಿತ್ರ. ಚಿತ್ರಗಳು ಸಾವಿರಗಟ್ಟಲೆ ಆದವು. ಆದರೆ ಹತ್ತು ವರುಷಗಳ ಅನಂತರ ಮನೆಮಂದಿಯೆಲ್ಲ ಕುಳಿತು ನೋಡಬೇಕೆನ್ನಿಸುವಂಥವು ಅವುಗಳಲ್ಲಿ ಎಷ್ಟಿವೆ? ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ಗೃಹಸ್ಥರಿಗೆ ಈ ವಿದ್ಯೆಯ ಕೆಲವು ಮೂಲ ಸಂಗತಿಗಳು ಉಪಯೋಗಕ್ಕೆ ಬಂದಾವೆಂಬ ಭಾವನೆಯಿಂದ, 2018ರ ದಸರಾ ರಜೆಯಲ್ಲಿ ನಮ್ಮ ಕುಟುಂಬ ಕೈಕೊಂಡ ಮೂರು ದಿನಗಳ ಪ್ರವಾಸವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಾನು ಮಠದ ಪ್ರಸಾದ ನಿಲಯದಲ್ಲಿದ್ದು ಸಂಸ್ಕೃತ, ಹಳಗನ್ನಡಗಳನ್ನು ಓದಿದವನು. ಕ್ಯಾಮೆರಾ ನನ್ನ ಕೈಗೆ ಬಂದುದು ಅಧ್ಯಾಪಕನಾದ ಮೇಲೆ, 1985ರಲ್ಲಿ. ವಡೋದರೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಸರಳವಾದ ಪೆಟ್ಟಿಗೆಯದು. ಒಂದು ರೋಲು ಹಾಕಿದರೆ 12 ಚಿತ್ರಗಳು ಮಾತ್ರ. ಶಾಸನಗಳ ಚಿತ್ರ ತೆಗೆಯುವ ಆಸೆಯಿಂದ ಕೊಂಡ ಆ ಪೆಟ್ಟಿಗೆ ನನಗೆ ಎರಡು ಪಾಠಗಳನ್ನು ಕಲಿಸಿತು. ಒಂದು ಮಿತವ್ಯಯ: ಎಣಿಸಿ ತೆಗೆಯಬೇಕಾದಾಗ ಕಣ್ಣು ಮೊದಲು ನೋಡುತ್ತದೆ, ಬೆರಳು ಆಮೇಲೆ ಒತ್ತುತ್ತದೆ. ಇನ್ನೊಂದು ಬೆಳಕಿನ ದಿಕ್ಕು: ನಡುಹಗಲಿನ ನೇರ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಾಣಿಸವು, ಬೆಳಗ್ಗೆಯೋ ಸಂಜೆಯೋ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಪ್ರತಿ ಅಕ್ಷರದ ಅಂಚಿಗೂ ನೆರಳು ಕಟ್ಟಿ, ಶಾಸನ ತಾನಾಗಿ ಎದ್ದು ಕಾಣುತ್ತದೆ. ಕಲ್ಲಿಗೆ ಸಲ್ಲುವ ಈ ನ್ಯಾಯ ಮನುಷ್ಯನ ಮುಖಕ್ಕೂ ಸಲ್ಲುತ್ತದೆ.

ಹೊರಟವರು ನಾವು ಐವರು: ಮಗ, ಸೊಸೆ, ಹತ್ತು ವರುಷದ ಮೊಮ್ಮಗಳು, ಐದು ವರುಷದ ಮೊಮ್ಮಗ ಮತ್ತು ನಾನು. 86 ವರುಷದ ನಮ್ಮ ತಾಯಿಯವರಿಗೆ ಮೊಣಕಾಲು ನೋವು. ನನ್ನ ಪತ್ನಿ ಅವರ ಜೊತೆಗೆ ಮನೆಯಲ್ಲಿಯೇ ಉಳಿದರು. ಹುಬ್ಬಳ್ಳಿ, ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿ ಬಾದಾಮಿಯತ್ತ ಸಾಗುವಾಗ, ತನಗೂ ಚಿತ್ರ ತೆಗೆಯುವುದನ್ನು ಕಲಿಸಬೇಕೆಂದು ಮೊಮ್ಮಗಳು ಹಟ ಹಿಡಿದಳು. ತಾಯಿಯ ಮೊಬೈಲನ್ನು ಅವಳ ಕೈಗೆ ಕೊಡಿಸಿ ಒಂದು ನಿಯಮ ವಿಧಿಸಿದೆ: ದಿನಕ್ಕೆ 12 ಚಿತ್ರಗಳು ಮಾತ್ರ, ಹೆಚ್ಚಿಲ್ಲ.

ಬಾದಾಮಿಯ ನಾಲ್ಕು ಗುಹಾಲಯಗಳು ಅಗಸ್ತ್ಯತೀರ್ಥದ ದಕ್ಷಿಣಕ್ಕಿರುವ ಬೆಟ್ಟದಲ್ಲಿವೆ. ಅವುಗಳ ಮುಖ ಉತ್ತರಕ್ಕೆ. ಮೂರನೆಯ ಗುಹೆಯಲ್ಲಿರುವ ಶಾಸನದಿಂದ ಅದು ಚಾಲುಕ್ಯ ಮಂಗಲೇಶನು ಮಾಡಿಸಿದ್ದು, ಕ್ರಿ.ಶ. 578ರದು ಎಂದು ತಿಳಿಯುತ್ತದೆ. ಮೊದಲನೆಯ ಗುಹೆಯ ಬಳಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಕ್ಕಳಿಬ್ಬರೂ ಆ ಕೈಗಳನ್ನು ಎಣಿಸತೊಡಗಿದರು; ಒಬ್ಬರ ಲೆಕ್ಕ ಹದಿನಾರಾದರೆ ಇನ್ನೊಬ್ಬರದು ಹತ್ತೊಂಬತ್ತು. ಎಣಿಸುವ ಆ ಎರಡು ಮುಖಗಳೇ ತೆಗೆಯತಕ್ಕ ಚಿತ್ರವೆಂದು ಮೊಮ್ಮಗಳಿಗೆ ಹೇಳಿದೆ. ನಟರಾಜನ ಚಿತ್ರವನ್ನು ಯಾವ ಪುಸ್ತಕದಂಗಡಿಯಲ್ಲಾದರೂ ಕೊಳ್ಳಬಹುದು. ಅವನ ಕೈಗಳನ್ನು ಎಣಿಸುತ್ತಿರುವ ತಮ್ಮನ ಚಿತ್ರ ಯಾವ ಅಂಗಡಿಯಲ್ಲಿಯೂ ದೊರೆಯದು.

ಉತ್ತರಕ್ಕೆ ಮುಖಮಾಡಿದ ಗುಹೆಗಳಾದುದರಿಂದ ಅಕ್ಟೋಬರಿನಲ್ಲಿ ಅವುಗಳ ಮೊಗಸಾಲೆಯೊಳಗೆ ನೇರ ಬಿಸಿಲು ನುಗ್ಗುವುದಿಲ್ಲ. ಹೊರಗಿನ ಆಕಾಶದ ಬೆಳಕು ಮಾತ್ರ ಮೃದುವಾಗಿ ಹರಡಿರುತ್ತದೆ. ಮಕ್ಕಳ ಮುಖಕ್ಕೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದರೆ ಕಣ್ಣು ಕಿರಿದಾಗಿ, ಹಣೆಯ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಆದರೆ ಗುಹೆಯ ಒಳಗೆ ನಿಂತು, ಹೊರಗಿನ ಆಕಾಶವನ್ನು ಹಿನ್ನೆಲೆಯಾಗಿಟ್ಟು ತೆಗೆದರೆ ಮಗು ಕಪ್ಪು ಆಕೃತಿಯಾಗಿ ಮಾತ್ರ ಮೂಡುತ್ತದೆ. ಪರಿಹಾರ ಸುಲಭ: ಮಗುವಿನ ಮುಖ ಹೊರಗಿನ ಬೆಳಕಿಗೆ ತಿರುಗುವಂತೆ ನಾವೇ ಜಾಗ ಬದಲಿಸಬೇಕು. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿದರೆ, ಯಂತ್ರವು ಆ ಮುಖಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ.

ಗುಹೆಗಳ ಮೆಟ್ಟಿಲುಗಳ ಮೇಲೆ ಮಂಗಗಳ ಕಾಟ ಹೆಚ್ಚು. ಇಳಿಯುವಾಗ ಒಂದು ದೊಡ್ಡ ಮಂಗ ಎದುರಿಗೆ ಬಂದು ಕುಳಿತಿತು. “ಅಜ್ಜಾ, ಮಂಗ್ಯಾ ನೋಡ್ರಿ!” ಎಂದು ಕೂಗಿದ ಮೊಮ್ಮಗ ಮರುಕ್ಷಣವೇ ಅಂಜಿ ಅಳತೊಡಗಿದ. ಮಗ ಕೈಯಲ್ಲಿದ್ದ ಮೊಬೈಲನ್ನು ಕಿಸೆಗೆ ಹಾಕಿ, ಹುಡುಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದ. ಪ್ರವಾಸದಲ್ಲಿ ಮಗುವಿನ ಕೈಯನ್ನು ಹಿಡಿಯುವುದೋ, ಕ್ಯಾಮೆರಾವನ್ನು ಹಿಡಿಯುವುದೋ ಎಂಬ ಪ್ರಶ್ನೆ ಬಂದಾಗ ಉತ್ತರ ಒಂದೇ. ಹಿಂದೆ ಬರುತ್ತಿದ್ದ ಮೊಮ್ಮಗಳು ಆಗೊಂದು ಚಿತ್ರ ತೆಗೆದಳು: ತಂದೆಯ ಬೆನ್ನು, ಆ ಹೆಗಲ ಮೇಲೆ ಗದ್ದವಿಟ್ಟು ಒದ್ದೆ ಕಣ್ಣಿನಿಂದ ಮಂಗನನ್ನು ನೋಡುತ್ತಿರುವ ತಮ್ಮ. ಅದು ಆ ದಿನದ ಅವಳ ಹನ್ನೊಂದನೆಯ ಚಿತ್ರ. ಹನ್ನೆರಡನೆಯದನ್ನು ಸಂಜೆಗೆಂದು ಉಳಿಸಿಕೊಂಡಳು. ಕೆರೆಯ ಪೂರ್ವದ ದಂಡೆಯಲ್ಲಿರುವ ಭೂತನಾಥ ದೇಗುಲ ಪಶ್ಚಿಮಕ್ಕೆ ಮುಖಮಾಡಿದೆ. ಇಳಿಬಿಸಿಲು ಅದರ ಮೇಲೆ ಬೀಳುವವರೆಗೆ ಕಾದು ಕುಳಿತರೆ, ಕೆಂಪು ಮರಳುಗಲ್ಲು ಕೆಂಡದ ಬಣ್ಣಕ್ಕೆ ತಿರುಗಿ ನೀರಿನಲ್ಲಿಯೂ ಮೂಡುತ್ತದೆ. ಕಾಯುವುದನ್ನು ಮಕ್ಕಳಿಗೆ ಉಪದೇಶದಿಂದ ಕಲಿಸಲಾಗದು, ಬೆಳಕು ಕಲಿಸುತ್ತದೆ.

ಈ ಸ್ಥಳಗಳನ್ನು ಕ್ಯಾಮೆರಾದಿಂದ ಹಿಡಿದವರಲ್ಲಿ ಮೊದಲಿಗರೊಬ್ಬರ ಹೆಸರು ನಮಗೆ ಗೊತ್ತಿದೆ. ಛಾಯಾಗ್ರಹಣದ ವಿಧಾನ 1839ರಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗವಾಯಿತು. ಅದಾದ ಹದಿನಾರು ವರುಷಗಳಲ್ಲಿಯೇ, ಎಂದರೆ 1855ರಲ್ಲಿ, ಮುಂಬಯಿ ಸೈನ್ಯದ ಥಾಮಸ್ ಬಿಗ್ಸ್ ಎಂಬ ಅಧಿಕಾರಿ ಬಾದಾಮಿ, ಐಹೊಳೆ, ವಿಜಾಪುರಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದರು. ಅವರು ಮತ್ತು ಅವರ ಅನಂತರ ಬಂದ ಡಾ. ಪಿಗೌ ಮುಂತಾದವರು ತೆಗೆದ ಚಿತ್ರಗಳು ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅಂದಿನ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಾಗಿತ್ತು. ಕದಲದ ಕಲ್ಲು ಸ್ಫುಟವಾಗಿ ಮೂಡುತ್ತಿತ್ತು. ಓಡುವ ಮಗು ಮೂಡುವಂತಿರಲಿಲ್ಲ. ಇಂದು ಓಡುವ ಮಗುವನ್ನೂ ಹಿಡಿಯುವ ಸಾಧನ ನಮ್ಮ ಕಿಸೆಯಲ್ಲಿದೆ. ಆದರೂ ಮಕ್ಕಳನ್ನು ಕಂಬದಂತೆ ನಿಲ್ಲಿಸಿ, ‘ನಗು, ನಗು’ ಎಂದು ಗದರಿಸಿ ಚಿತ್ರ ತೆಗೆಯುವ ಹಿರಿಯರನ್ನು ಎಲ್ಲ ಪ್ರವಾಸಿ ಸ್ಥಳಗಳಲ್ಲಿಯೂ ಕಾಣುತ್ತೇವೆ!

ಮರುದಿನ ಬೆಳಗ್ಗೆ ಬೇಗನೆ ಎದ್ದು, ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿಗೆ ಬಂದೆವು. ಮಲಪ್ರಭೆಯ ಎಡದಂಡೆಯ ಈ ದೇಗುಲ ಸಮುಚ್ಚಯ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ದೇವಾಲಯದ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ಅದರ ಮುಂಭಾಗವನ್ನೂ ನಂದಿಮಂಟಪವನ್ನೂ ಬೆಳಗುತ್ತದೆ. ಇಲ್ಲಿ ಮೊಮ್ಮಗಳಿಗೆ ಹೇಳಿದ ಪಾಠ ಎತ್ತರವನ್ನು ಕುರಿತದ್ದು. ನಿಂತ ಹಿರಿಯರು ಕೆಳಗೆ ಬಗ್ಗಿಸಿ ತೆಗೆದ ಚಿತ್ರದಲ್ಲಿ ಮಗು ಕುಳ್ಳಾಗಿ, ಹಿನ್ನೆಲೆಯಲ್ಲಿ ಬರೀ ನೆಲ ಬೀಳುತ್ತದೆ. ಮೊಣಕಾಲೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದರೆ, ಮಗುವೂ ಅದರ ಹಿಂದಿನ ಗೋಪುರವೂ ತಮ್ಮ ತಮ್ಮ ಘನತೆಯಲ್ಲಿ ಕಾಣುತ್ತವೆ. ನಡುಹಗಲಿಗೆ ಆವರಣದ ಹೊರಗೆ ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು: ಕಟಕ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅದರದೂ ಒಂದು ಚಿತ್ರ ಅವಳ ಲೆಕ್ಕದಲ್ಲಿ ಸೇರಿತು.

ಐಹೊಳೆಯ ದುರ್ಗದ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದುದಲ್ಲ. ಹತ್ತಿರ ದುರ್ಗ, ಎಂದರೆ ಕೋಟೆ ಇದ್ದುದರಿಂದ ಬಂದದ್ದು. ಹಿಂಬದಿ ಅರ್ಧವೃತ್ತವಾಗಿರುವ ಈ ಗುಡಿಯ ಸುತ್ತ ಕಂಬಗಳ ಮೊಗಸಾಲೆಯಿದೆ. ಮಕ್ಕಳಿಗೆ ಅದು ಕಣ್ಣಾಮುಚ್ಚಾಲೆಗೆಂದೇ ಕಟ್ಟಿದಂತೆ ತೋರಿರಬೇಕು! ಕಂಬದ ನೆರಳು, ಬಿಸಿಲು, ಮತ್ತೆ ನೆರಳು; ಅವುಗಳ ನಡುವೆ ಓಡುವ ಹುಡುಗ. ಓಟವನ್ನು ಸ್ಫುಟವಾಗಿ ಹಿಡಿಯಲು ಶಟರಿನ ವೇಗ ಸೆಕೆಂಡಿನ 500ನೆಯ ಒಂದು ಭಾಗದಷ್ಟಾದರೂ ಇರಬೇಕು. ಅದಕ್ಕೆ ಬೆಳಕು ಬೇಕು. ಆದುದರಿಂದ ಹುಡುಗನ ಬೆನ್ನು ಹತ್ತದೆ, ಬಿಸಿಲು ಬೀಳುವ ಒಂದು ತಾವನ್ನು ಆರಿಸಿಕೊಂಡು, ಅವನು ಅಲ್ಲಿಗೆ ಬರುವವರೆಗೆ ಸುಮ್ಮನೆ ನಿಲ್ಲಬೇಕು. ಹುಡುಗ ಮೂರು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ ಚಿತ್ರ ದೊರೆಯಿತು.

ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದದ ಮೇಲೆ ಹಾಯ್ದು ಕೂಡಲಸಂಗಮಕ್ಕೆ ಬಂದು ತಂಗಿದೆವು. ಬಾದಾಮಿಯ ನಾಡಿನಿಂದ ನಮ್ಮ ಜೊತೆಗೇ ಹರಿದುಬಂದ ಮಲಪ್ರಭೆ ಇಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಮೂರನೆಯ ದಿನ ಸೇತುವೆಯ ಮೇಲೆ ನಡೆದು, ಬಾವಿಯಂತಹ ಗೋಡೆಯ ಒಳಗೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಮಂಟಪದ ಮುಂದೆ ನಿಂತಾಗ, ಮೊಮ್ಮಗಳು ಮೊಬೈಲನ್ನು ತಾನಾಗಿ ತಾಯಿಯ ಕೈಗೆ ಕೊಟ್ಟು ಕೈಮುಗಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ತೆಗೆಯದೆ ಬಿಡತಕ್ಕ ಚಿತ್ರಗಳೂ ಇವೆಯೆಂಬುದು ಈ ವಿದ್ಯೆಯ ಒಂದು ಭಾಗವೇ ಆಗಿದೆ.

ಮನೆಗೆ ಮರಳಿ ಚಿತ್ರಗಳನ್ನು ಮುದ್ರಿಸಿ ತಾಯಿಯವರ ಮುಂದೆ ಇಟ್ಟೆವು. ನಾನು ತೆಗೆದ ಗೋಪುರಗಳನ್ನೂ ಕಂಬಗಳನ್ನೂ ಅವರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಇಟ್ಟರು. ಮೊಮ್ಮಗಳ ಚಿತ್ರಗಳನ್ನು ಮಾತ್ರ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದರು. “ಬುತ್ತಿ ಎಲ್ಲಿ ಬಿಚ್ಚಿದ್ರಿ?” “ಹುಡುಗ ಯಾಕ ಅಂಜ್ಯಾನ?” ಎಂದು ಒಂದೊಂದನ್ನೂ ವಿಚಾರಿಸಿದರು. ಹೆಗಲ ಮೇಲಿನ ಹುಡುಗನ ಚಿತ್ರ ಬಂದಾಗ ಬಹಳ ಹೊತ್ತು ಸುಮ್ಮನಿದ್ದು ನನಗೆ ಹೇಳಿದರು: “ನಿಮ್ಮಪ್ಪಾರೂ ನಿನ್ನ ಹಿಂಗ ಹೊತಗೊಂಡು ಜಾತ್ರಿ ತೋರಸತಿದ್ರು.”

ನನ್ನ ತಂದೆಯವರು ತೀರಿಕೊಂಡಾಗ ನನಗೆ ಹನ್ನೆರಡು ವರುಷ. ಅವರದೊಂದೇ ಚಿತ್ರ ನಮ್ಮ ಮನೆಯಲ್ಲಿದೆ: ಸ್ಟುಡಿಯೋದ ಕುರ್ಚಿಯ ಮೇಲೆ, ರುಮಾಲು ಸುತ್ತಿಕೊಂಡು, ನೆಟ್ಟ ನೋಟದಲ್ಲಿ ಕುಳಿತದ್ದು. ಅವರ ಮುಖವನ್ನು ಆ ಚಿತ್ರ ಉಳಿಸಿದೆ. ನನ್ನನ್ನು ಹೊತ್ತ ಹೆಗಲನ್ನು ಉಳಿಸಲಿಲ್ಲ. ಆ ಹೆಗಲ ಮೇಲಿಂದ ಜಾತ್ರೆ ಕಂಡುದು ನನಗೆ ನೆನಪೂ ಇಲ್ಲ. ತಾಯಿಯವರ ಆ ಒಂದು ಮಾತಿನಿಂದ ಮಾತ್ರ ಅದು ನನಗೆ ದೊರೆಯಿತು. ಆ ಮಾತನ್ನು ಹೊರತಂದುದು ಮೊಮ್ಮಗಳ ಹನ್ನೊಂದನೆಯ ಚಿತ್ರ.

ಆಮೇಲೆ ಮಕ್ಕಳು ಮುತ್ತಜ್ಜಿಯನ್ನು ಬಿಟ್ಟು ಎಲ್ಲಿಗೂ ಹೊರಡಲೊಲ್ಲರು. ದೂರ ಹೋಗುವಂತಿರಲಿಲ್ಲವಾದುದರಿಂದ, ಒಂದು ಸಂಜೆ ಆಟೋದಲ್ಲಿ ಕೂರಿಸಿಕೊಂಡು ಧಾರವಾಡದ ಸಾಧನಕೇರಿಯ ಕೆರೆಯ ದಂಡೆಗೆ ಕರೆದೊಯ್ದೆವು. ಹುರಿದ ಶೇಂಗಾ ಸುಲಿದು ಒಂದೊಂದೇ ಕಾಳನ್ನು ಮರಿಮೊಮ್ಮಗನ ಅಂಗೈಗೆ ಹಾಕುತ್ತ ಅವರು ಕುಳಿತಿದ್ದರು. ಮೊಮ್ಮಗಳು ನೆಲದ ಮೇಲೆ ಕುಳಿತು, ಮಡಿಲಿನ ಎತ್ತರದಿಂದ ಆ ಎರಡು ಕೈಗಳ ಚಿತ್ರ ತೆಗೆದಳು. 2020ರ ಆರಂಭದಲ್ಲಿ ತಾಯಿಯವರು ಲಿಂಗೈಕ್ಯರಾದರು. ಪಡಸಾಲೆಯ ಗೋಡೆಯ ಮೇಲೆ ಅವರ ದೊಡ್ಡ ಭಾವಚಿತ್ರವಿದೆ. ಆದರೆ ಮಕ್ಕಳು ಸ್ನೇಹಿತರಿಗೆ ತೋರಿಸುವುದು ಶೇಂಗಾ ಸುಲಿಯುವ ಕೈಗಳನ್ನು.

ಆದಕಾರಣ ರಜೆಗೆ ಹೊರಡುವ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳನ್ನು ನಿಲ್ಲಿಸಬೇಡಿರಿ, ಅವರು ಇರುವಂತೆಯೇ ಇರಲಿ, ನೀವು ಬೆಳಕನ್ನೂ ಜಾಗವನ್ನೂ ಹುಡುಕಿಕೊಳ್ಳಿರಿ. ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿರಿ. ಬೆರಳಿನ ಜಿಡ್ಡು ಎಷ್ಟೋ ಚಿತ್ರಗಳನ್ನು ಮಸುಕಾಗಿಸುತ್ತದೆ. ದಿನಕ್ಕಿಷ್ಟು ಎಂದು ಎಣಿಕೆ ಇಟ್ಟುಕೊಳ್ಳಿರಿ. ಒಮ್ಮೊಮ್ಮೆ ಕ್ಯಾಮೆರಾವನ್ನು ಮಕ್ಕಳ ಕೈಗೆ ಕೊಡಿರಿ. ಸದಾ ಚಿತ್ರ ತೆಗೆಯುವ ತಂದೆಯೂ, ಸದಾ ಬುತ್ತಿ ಹಂಚುವ ತಾಯಿಯೂ ಆಗ ಚಿತ್ರದಲ್ಲಿ ಬರುತ್ತಾರೆ. ನಡೆಯಲಾರದ ಹಿರಿಯರನ್ನು ಹತ್ತಿರದ ಕೆರೆಗಾದರೂ ಕರೆದೊಯ್ಯಿರಿ.

ಮನೆಗೆ ಬಂದ ಮೇಲೆ ಹತ್ತು ಚಿತ್ರಗಳನ್ನಾದರೂ ಆರಿಸಿ ಮುದ್ರಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಊರು, ದಿನಾಂಕ, ಇದ್ದವರ ಹೆಸರು ಬರೆದಿಡಿರಿ. ಮೊಬೈಲು ಕೆಟ್ಟರೆ ಅದರೊಡನೆ ಚಿತ್ರಗಳೂ ಹೋಗುತ್ತವೆ. ಮನುಷ್ಯನ ನೆನಪಂತೂ ಅದಕ್ಕಿಂತ ಮೊದಲೇ ಮಸುಕಾಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹ ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೆ ನುಗ್ಗಿದ ಸುದ್ದಿ ಬಂದಾಗ, ನಮ್ಮ ಮಕ್ಕಳು ಬುತ್ತಿಯ ಚಿತ್ರವನ್ನು ಹೊರತೆಗೆದು, ಆ ಬೇವಿನ ಮರ ಮುಳುಗಿತೇನೋ ಎಂದು ಚಿಂತಿಸಿದರು. ನೀರು ಇಳಿಯಿತು, ಶಿಲೆಯ ಗುಡಿಗಳು ನಿಂತೇ ಇವೆ. ಒಂದು ಊರಿನ ಸುಖದುಃಖವನ್ನು ಮಕ್ಕಳು ತಮ್ಮದೆಂದು ತಿಳಿದರೆ, ಆ ಪ್ರವಾಸವೂ ಆ ಚಿತ್ರಗಳೂ ಸಾರ್ಥಕವಾದಂತೆಯೇ.