ನಕ್ಷತ್ರಕ್ಕೆ ಎಷ್ಟು ಮಾತ್ರೆ?

ಕನ್ನಡ ಎಂ.ಎ. ಮಾಡಿಕೊಂಡವರಿಗೆ ಮಾರ್ಕ್‌ಡೌನಿನ ಹುಚ್ಚೇಕೆಂದು ನನ್ನ ಮನೆಯಾಕೆ ಕೇಳುವುದುಂಟು. 2004ರಲ್ಲಿ ಜಾನ್ ಗ್ರೂಬರ್ ಎಂಬವರು ಬಳಕೆಗೆ ತಂದ ಈ ಬರವಣಿಗೆಯ ಕ್ರಮ ಬಲು ಮಿತವ್ಯಯಿ. ಸಾಲಿನ ಮೊದಲಿಗೆ ಒಂದು ಹ್ಯಾಷ್ ಇಟ್ಟರೆ ಶೀರ್ಷಿಕೆ. ಪದದ ಇಕ್ಕೆಲಗಳಲ್ಲಿ ಎರಡೆರಡು ನಕ್ಷತ್ರ ಇಟ್ಟರೆ ದಪ್ಪ ಅಕ್ಷರ. ಬಲ್ಲ ತಂತ್ರಾಂಶ ತೆರೆದರೆ ಚಿಹ್ನೆಗಳು ಮಾಯವಾಗಿ ರೂಪ ಮಾತ್ರ ಉಳಿಯುತ್ತದೆ. ಛಂದಸ್ಸಿನ ಪಾಠದ ಟಿಪ್ಪಣಿಗಳನ್ನೆಲ್ಲ ನಾನು ಹೀಗೆಯೇ ಬರೆದಿಟ್ಟಿದ್ದೆ.

ಪರೀಕ್ಷೆಗೆ ಎರಡು ದಿನವಿರುವಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳೆಂದು ಆ ಕಡತವನ್ನೇ ಕಳಿಸಿಬಿಟ್ಟೆ. ಸಂಜೆ ಫೋನ್ ಬಂತು.

"ಸರ್, ಗುರು, ಲಘು ತಿಳಿಯಿತು. ಪದದ ಆಚೀಚೆ ಎರಡೆರಡು ನಕ್ಷತ್ರ ಇದ್ದರೆ ಎಷ್ಟು ಮಾತ್ರೆ ಎಣಿಸಬೇಕು?"

ನಗು ಬಂತು, ಮರುಕ್ಷಣವೇ ನಾಚಿಕೆಯಾಯಿತು. ಪಾಪ, ಅವನ್ನೂ ಬಾಯಿಪಾಠ ಮಾಡಿಕೊಂಡಿದ್ದಳು!

ಪಿ.ಡಿ.ಎಫ್. ಮಾಡಿ ಕಳಿಸೋಣವೆಂದು ಬ್ರೌಸರಿನಲ್ಲೇ ಕೆಲಸ ಮಾಡುವ ಸಾಧನವೊಂದನ್ನು ಹಿಡಿದೆ. ಪುಟವೇನೋ ಬಂತು, ಆದರೆ ಒತ್ತಕ್ಷರಗಳೆಲ್ಲ ಕಳಚಿ, 'ಮಾತ್ರೆ' ಹೋಗಿ 'ಮಾತ್‌ರೆ' ಆಗಿತ್ತು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ಬೋಧಿಸುವವನ ಟಿಪ್ಪಣಿಯಲ್ಲಿ ಒತ್ತೇ ಇಲ್ಲ! ಅಕ್ಷರಗಳನ್ನು ಕೂಡಿಸುವ ವಿದ್ಯೆ ಆ ಸಾಧನಕ್ಕಿರಲಿಲ್ಲ, ಬ್ರೌಸರಿಗಿದೆ. ಆದುದರಿಂದ ಬರಹವನ್ನು ಮೊದಲು ಬ್ರೌಸರಿನಲ್ಲಿ ಪುಟವಾಗಿ ತೆರೆದು, ಮುದ್ರಣದ ಆಜ್ಞೆ ಕೊಟ್ಟು, ಪ್ರಿಂಟರಿಗೆ ಬದಲಾಗಿ ಪಿ.ಡಿ.ಎಫ್. ಆಗಿ ಉಳಿಸುವುದನ್ನು ಆರಿಸಿದೆ. ಅಚ್ಚಿನ ಪುಸ್ತಕದಂತೆ ಬಂತು. ಅಕ್ಷರದ ಅಚ್ಚು ಕಡತದೊಳಗೇ ಅಡಕವಾಗಿರುವುದರಿಂದ ಆಕೆಯ ಫೋನಿನಲ್ಲೂ ಹಾಗೆಯೇ ಕಾಣಬೇಕು.

ರಾತ್ರಿ ಹನ್ನೊಂದಕ್ಕೆ ಕಳಿಸಿ, "ನಕ್ಷತ್ರಗಳನ್ನು ಮರೆತುಬಿಡಮ್ಮ" ಎಂದು ಬರೆದೆ.

"ಮರೆಯಲು ಇನ್ನೊಂದೇ ದಿನವಿದೆ, ಸರ್" ಎಂದು ಉತ್ತರ ಬಂತು.