ಪತ್ರಿಕೆಯ ಅಂದವೂ ಓದುಗರ ನಂಬಿಕೆಯೂ

ಪತ್ರಿಕೆಯೆಂಬುದು ಒಂದು ಮನೆ. ತಿಂಗಳಿಗೊಮ್ಮೆ ಹಲವು ಕುಟುಂಬಗಳು ಅದರೊಳಗೆ ಬಂದು, ಕುಳಿತು, ನಾಲ್ಕು ಒಳ್ಳೆಯ ಮಾತು ಕೇಳಿ ಹೋಗುತ್ತವೆ. ಆದ್ದರಿಂದ ಅದು ಓರಣವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಓರಣ ಯಾರಿಗಾಗಿ? ಓದಲು ಬರುವ ಶರಣಬಂಧುಗಳಿಗಾಗಿಯೋ, ಜಾಹೀರಾತು ಕೊಡಲು ಬರುವ ವ್ಯಾಪಾರಸ್ಥರಿಗಾಗಿಯೋ? ಕಳೆದ ಕೆಲವು ತಿಂಗಳುಗಳಿಂದ ಈ ಪ್ರಶ್ನೆ ನಮ್ಮನ್ನು ಬಹುವಾಗಿ ಕಾಡಿದೆ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸಣ್ಣ ಪತ್ರಿಕೆಯ ಲೆಕ್ಕ ಬಲು ಸರಳವಾದುದು. ಕಾಗದ, ಮುದ್ರಣ, ಅಂಚೆ ಈ ಮೂರರ ವೆಚ್ಚವೂ ಏರುತ್ತ ಹೋಗುತ್ತದೆ. ಚಂದಾ ಹಣ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಚಂದಾ ಏರಿಸಿದರೆ ಮೊದಲು ಬಿಟ್ಟುಹೋಗುವವರು ನಿವೃತ್ತಿ ವೇತನದಲ್ಲಿ ಬದುಕುವ ಹಿರಿಯರು ಮತ್ತು ಹಳ್ಳಿಯ ಓದುಗರು. ಅಂದರೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ದಾನಿಗಳನ್ನು ಪ್ರತಿ ತಿಂಗಳೂ ಕೇಳಲಾಗದು. ಉಳಿಯುವ ದಾರಿ ಜಾಹೀರಾತಿನದು. ಕಾಯಕದಿಂದ ಗಳಿಸಿದ ಹಣದಲ್ಲಿ ಒಬ್ಬ ವರ್ತಕ ತನ್ನ ಅಂಗಡಿಯ ವಿಷಯವನ್ನು ಪ್ರಾಮಾಣಿಕವಾಗಿ ನಾಲ್ಕು ಜನರಿಗೆ ತಿಳಿಸಿದರೆ ಅದರಲ್ಲಿ ಹೀನವಾದುದೇನೂ ಇಲ್ಲ.

ಈ ಕಾರಣದಿಂದ ಜಾಹೀರಾತಿನ ವ್ಯವಹಾರ ಬಲ್ಲ ಹಿತೈಷಿಗಳೊಬ್ಬರನ್ನು ಕರೆಸಿ ಸಲಹೆ ಕೇಳಿದೆವು. ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿ ಅವರು ಹೇಳಿದರು: ‘ನಿಮ್ಮ ಪತ್ರಿಕೆಯಲ್ಲಿ ಸತ್ವವಿದೆ, ಮುಖವಿಲ್ಲ. ಒಳಗೆಲ್ಲ ಹೊಳೆಯುವ ಆರ್ಟ್ ಪೇಪರ್ ಹಾಕಿ. ಬರಹ ಕಡಿಮೆ ಮಾಡಿ, ಬಣ್ಣದ ಚಿತ್ರ ಹೆಚ್ಚಿಸಿ. ದೊಡ್ಡ ಕಂಪನಿಯವರು ಮೊದಲು ನೋಡುವುದು ರೂಪವನ್ನು.’ ಅವರ ಮಾತಿನಲ್ಲಿ ತಥ್ಯವಿತ್ತು. ಆದರೂ ಓದುಗರನ್ನು ಒಂದು ಮಾತು ಕೇಳದೆ ಮುಂದುವರಿಯುವುದು ಸರಿಯಲ್ಲವೆನಿಸಿ, ಊರೂರಿಗೆ ಹೋದಾಗಲೆಲ್ಲ ವಿಚಾರಿಸತೊಡಗಿದೆವು.

ಒಂದು ಮನೆಯಲ್ಲಿ ಹಿರಿಯ ತಾಯಿಯೊಬ್ಬರು ನಗುತ್ತಲೇ ಅಂದರು: ‘ಅಣ್ಣಾರ, ಅಕ್ಷರ ಇರುವಿ ಸಾಲಿನಂಗ ಕಾಣ್ತಾವ್ರೀ. ಮೊಮ್ಮಗಳು ಓದಿ ಹೇಳಿದ್ರ ಕೇಳ್ತೀನಿ, ಇಲ್ಲಂದ್ರ ಜಗಲಿ ಮ್ಯಾಲ ಇಟ್ಟು ಕೈ ಮುಗೀತೀನಿ.’ ಬಣ್ಣದ ವಿಷಯವನ್ನು ಅವರು ಎತ್ತಲೇ ಇಲ್ಲ. ಅವರಿಗೆ ಬೇಕಾದ ಅಂದ ಒಂದೇ, ಕಣ್ಣಿಗೆ ನಿಲುಕುವ ಅಕ್ಷರ.

ಆ ಮಾತನ್ನು ಹಿಡಿದೇ ಕೆಲಸ ಆರಂಭಿಸಿದೆವು. ಕನ್ನಡದ ಮುದ್ರಣಕ್ಕೆ ತನ್ನದೇ ಆದ ಅಗತ್ಯಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ; ಗುಡಿಸು, ಕೊಂಬುಗಳು ಮೇಲೂ ಪಕ್ಕಕ್ಕೂ ಚಾಚುತ್ತವೆ. ಆದ್ದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಸಾಲುಗಳನ್ನು ಒತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಪುಟವೆಲ್ಲ ಕಪ್ಪಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಮುದ್ರಿಸುವ ಸೊಗಸಿನಲ್ಲಂತೂ ಮಸಿ ಹರಡಿ ಸಣ್ಣ ಒತ್ತುಗಳು ಮುಚ್ಚಿಹೋಗುತ್ತವೆ. ಹೊಳೆಯುವ ಕಾಗದ ಚಿತ್ರಕ್ಕೆ ಒಳ್ಳೆಯದೇ ಹೊರತು ದೀಪದ ಬೆಳಕಿನಲ್ಲಿ ಓದುವವರ ಕಣ್ಣು ಕುಕ್ಕುತ್ತದೆ. ಅದಕ್ಕೆಂದೇ ಹೊದಿಕೆಗೆ ಮಾತ್ರ ಆರ್ಟ್ ಪೇಪರ್ ಇಟ್ಟು, ಒಳಪುಟಗಳಿಗೆ ಹೊಳಪಿಲ್ಲದ ಕಾಗದವನ್ನೇ ಉಳಿಸಿಕೊಂಡೆವು. 10 ಪಾಯಿಂಟಿನ ಅಕ್ಷರ 12 ಪಾಯಿಂಟಿಗೆ ಏರಿತು. ಸಾಲುಗಳ ನಡುವೆ ಗಾಳಿಯಾಡತೊಡಗಿತು.

ಅಕ್ಷರ ದೊಡ್ಡದಾದರೆ ಪುಟ ಹೆಚ್ಚಬೇಕು. ಪುಟಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. 8 ಅಥವಾ 16 ಪುಟಗಳ ಫಾರಮುಗಳಾಗಿ ಅಚ್ಚಾಗುತ್ತವೆ. ಒಂದೇ ಲೇಖನ ಹೆಚ್ಚಾದರೂ ಒಂದು ಫಾರಮಿನ ಖರ್ಚು ಹೆಚ್ಚಿತೆಂದೇ ಅರ್ಥ. ಆಗ ನಾವು ಕತ್ತರಿ ಹಾಕಿದ್ದು ಸಮಾರಂಭಗಳ ವರದಿಗಳಿಗೆ. ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ವೇದಿಕೆಯ ಮೇಲೆ ಉಪಸ್ಥಿತರಿದ್ದವರು ಎಂಬ ನಾಮಾವಳಿಯನ್ನು ಕಡಿಮೆ ಮಾಡಿದೊಡನೆ ಜಾಗ ತಾನಾಗಿ ಒದಗಿತು. ಕೆಲವರು ಮುನಿಸಿಕೊಂಡದ್ದೂ ಉಂಟು. ಆದರೆ ಹೆಚ್ಚಿನವರು ಒಪ್ಪಿದರು.

ಪತ್ರಿಕೆ ಹೀಗೆ ತಿಳಿಯಾದ ಮೇಲೆ ಹೊಸ ಜಾಹೀರಾತುದಾರರು ವಿಚಾರಿಸತೊಡಗಿದರು. ಆಗಲೇ ನಿಜವಾದ ಪರೀಕ್ಷೆ ಎದುರಾಯಿತು. ಔಷಧಿ ಮಾರುವ ಸಂಸ್ಥೆಯೊಂದರ ಪ್ರತಿನಿಧಿ ಬಂದು, ಹಿಂಬದಿಯ ರಕ್ಷಾಪುಟವನ್ನು ಇಡೀ ವರ್ಷಕ್ಕೆ ಕಾಯ್ದಿರಿಸುವುದಾಗಿಯೂ ಹಣವನ್ನು ಮುಂಗಡವಾಗಿಯೇ ಕೊಡುವುದಾಗಿಯೂ ಹೇಳಿದರು. ನಮ್ಮ ವರ್ಷದ ಕೊರತೆಯೆಲ್ಲ ಒಂದೇ ಏಟಿಗೆ ತುಂಬುವಂತಿತ್ತು. ಆದರೆ ಅವರದೊಂದು ಕರಾರು: ತಮ್ಮ ಚೂರ್ಣ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ವಾಸಿ ಮಾಡುತ್ತದೆಂಬ ಬರಹ ಆರೋಗ್ಯ ಅಂಕಣದಲ್ಲಿ ಲೇಖನದ ರೂಪದಲ್ಲೇ ಬರಬೇಕು; ‘ಜಾಹೀರಾತು’ ಎಂಬ ಪದ ಎಲ್ಲಿಯೂ ಇರಕೂಡದು; ಜೊತೆಗೆ ಪೂಜ್ಯರೊಬ್ಬರ ಭಾವಚಿತ್ರವಿದ್ದರೆ ಇನ್ನೂ ಉತ್ತಮ.

ಮಂಡಳಿಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ‘ಪತ್ರಿಕೆಯೇ ನಿಂತುಹೋದರೆ ನೀತಿಯನ್ನು ಎಲ್ಲಿ ಅಚ್ಚು ಹಾಕುತ್ತೀರಿ?’ ಎಂದು ಒಬ್ಬರು ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಆದರೆ ಮಧುಮೇಹದಂತಹ ಕಾಯಿಲೆಗಳನ್ನು ಗುಣಪಡಿಸುತ್ತೇವೆಂಬ ಔಷಧಿಯ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ. ಅದರ ಪ್ರಕಟಣೆಯಲ್ಲಿ ಭಾಗಿಯಾಗುವುದೂ ಅಪರಾಧವೇ. ಕಾಯಿದೆಯ ಮಾತು ಒಂದು ಕಡೆಗಿರಲಿ. ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಕೈಮುಗಿಯುವವರು ಅದರಲ್ಲಿ ಬಂದದ್ದನ್ನು ನಂಬಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿಬಿಟ್ಟರೆ ಅದರ ಹೊಣೆ ಯಾರದು? ಪ್ರತಿನಿಧಿಗೆ ಬೇಕಾಗಿದ್ದುದು ನಮ್ಮ ಕಾಗದವಲ್ಲ. ಓದುಗರು ನಮ್ಮ ಮೇಲಿಟ್ಟ ನಂಬಿಕೆ. ಅದು ನಮ್ಮದಲ್ಲ, ನಮ್ಮಲ್ಲಿ ಇಟ್ಟ ಒಡವೆ. ಇಟ್ಟ ಒಡವೆಯನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಕೈಮುಗಿದು ಬೀಳ್ಕೊಟ್ಟೆವು.

ಜಾಹೀರಾತೇ ಬೇಡವೆಂದು ನಡೆದ ಪತ್ರಿಕೆಗಳೂ ಉಂಟು. ಗಾಂಧೀಜಿಯವರು ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ ಪತ್ರಿಕೆಗಳಲ್ಲಿ ಜಾಹೀರಾತಿಗೆ ಎಡೆಗೊಡಲಿಲ್ಲ. ನಮ್ಮವರೇ ಆದ ಫ. ಗು. ಹಳಕಟ್ಟಿಯವರು ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರತಂದರು. ಅಂತಹ ತ್ಯಾಗ ಎಲ್ಲರಿಂದಲೂ ಸಾಧ್ಯವಾಗಲಾರದು. ನಮ್ಮಂಥವರಿಗೆ ಮಧ್ಯಮ ಮಾರ್ಗವೊಂದು ಬೇಕು. ಅದರ ಮೇರೆಗಳನ್ನು ಸ್ಪಷ್ಟವಾಗಿ ಗುರುತಿಸಿಕೊಂಡಿದ್ದೇವೆ. ಪ್ರತಿಯೊಂದು ಜಾಹೀರಾತಿನ ಸುತ್ತಲೂ ಗೆರೆ ಇರುತ್ತದೆ. ತಲೆಯ ಮೇಲೆ ‘ಜಾಹೀರಾತು’ ಎಂದು ಮುದ್ರಿಸಲಾಗುತ್ತದೆ. ಮುಖಪುಟ ಮಾರಾಟಕ್ಕಿಲ್ಲ. ಬಸವಾದಿ ಶರಣರ ಹಾಗೂ ಪೂಜ್ಯರ ಚಿತ್ರಗಳನ್ನು ಸರಕಿನ ಪಕ್ಕದಲ್ಲಿ ನಿಲ್ಲಿಸುವುದಿಲ್ಲ. ಮದ್ಯ, ತಂಬಾಕು ಮತ್ತು ಪವಾಡದ ಔಷಧಿಗಳಿಗೆ ಸ್ಥಳವಿಲ್ಲ.

ಇಷ್ಟೆಲ್ಲ ನಿಬಂಧನೆ ಇಟ್ಟರೆ ಯಾರು ಬರುತ್ತಾರೆಂಬ ಶಂಕೆ ನಮಗೂ ಇತ್ತು. ಬಂದವರು ದೊಡ್ಡ ಕಂಪನಿಯವರಲ್ಲ. ಬೀಜ ಗೊಬ್ಬರದ ಅಂಗಡಿಯವರು, ಸಹಕಾರಿ ಪತ್ತಿನ ಸಂಘದವರು, ಇಳಕಲ್ ಸೀರೆಯ ವ್ಯಾಪಾರಿಗಳು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದ ತಾಯಂದಿರು. ಕಾಲು ಪುಟ, ಅರ್ಧ ಪುಟ ಎಂದು ಅವರು ಕೊಟ್ಟ ಹಣ ಕೊರತೆಯ ಅರ್ಧವನ್ನಷ್ಟೇ ತುಂಬಿತು. ಆದರೆ ಅವರಲ್ಲಿ ಹೆಚ್ಚಿನವರು ಎರಡನೆಯ ಬಾರಿಗೂ ಬಂದರು. ‘ನಿಮ್ಮ ಪತ್ರಿಕಾದಾಗ ನೋಡಿ ಬಂದೀವಿ ಅಂತ ಗಿರಾಕಿಗಳು ಹೇಳ್ತಾರ್ರೀ’ ಎಂದು ಸೀರೆಯ ವ್ಯಾಪಾರಿಯೊಬ್ಬರು ನುಡಿದಾಗ, ಆಕರ್ಷಣೆ ಎಂಬುದರ ಮೂಲ ಎಲ್ಲಿದೆಯೆಂಬುದು ನಮಗೆ ಮನವರಿಕೆಯಾಯಿತು. ಓದುಗ ನಂಬಿ ಓದುವ ಪುಟಕ್ಕೇ ವರ್ತಕ ಬೆಲೆ ಕೊಡುತ್ತಾನೆ. ಹೊಳಪು ಮಾಸಿದರೂ ಆ ಬೆಲೆ ಇಳಿಯದು.

ಲಾಂಛನವೂ ಆಚಾರವೂ ಒಂದಾಗಿರಬೇಕೆಂಬುದು ಶರಣರು ಹಾಕಿಕೊಟ್ಟ ದಾರಿ. ಪತ್ರಿಕೆಗೂ ಅದೇ ನಿಯಮ ಅನ್ವಯಿಸುತ್ತದೆ. ಉಳಿದ ಅರ್ಧ ಕೊರತೆಯ ಚಿಂತೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಓದುಗ ಬಂಧುಗಳು ತಮ್ಮ ಊರಿನ ಒಬ್ಬ ಪ್ರಾಮಾಣಿಕ ವರ್ತಕರಿಗೆ ಈ ಸಂಚಿಕೆಯನ್ನು ತೋರಿಸಿ, ನೆರೆಯ ಒಂದು ಮನೆಯನ್ನು ಚಂದಾದಾರರನ್ನಾಗಿ ಮಾಡಿದರೆ ಆ ಭಾರ ಹಗುರವಾಗುತ್ತದೆ. ಅಕ್ಷರ ಇನ್ನೂ ಸಣ್ಣದೆನಿಸಿದರೆ ಅದನ್ನೂ ಬರೆದು ತಿಳಿಸಿರಿ.